ಹಳೆಯ ಟೂ ಸ್ಟ್ರೋಕ್ ಲಾನ್ ಮೋವರ್ ರಿಪೇರಿ: ಬಿಡಿಭಾಗ ಸಿಗದಿದ್ದಾಗ ಹೀಗೆ ಮಾಡಿ

ಹಳೆಯ ಟೂ ಸ್ಟ್ರೋಕ್ ಲಾನ್ ಮೋವರ್ ಕೆಟ್ಟು ನಿಂತರೆ ಹೆಚ್ಚಿನವರು ಮೊದಲು ಮಾಡೆಲ್ ಹೆಸರು ಹಿಡಿದುಕೊಂಡು ಬಿಡಿಭಾಗ ಹುಡುಕಲು ಹೊರಡುತ್ತಾರೆ. "ಅದು ಈಗ ಬರೋದೇ ಇಲ್ಲ" ಅನ್ನುವ ಉತ್ತರ ಸಿಗುತ್ತದೆ. ಯಂತ್ರ ಗುಜರಿಗೆ ಹೋಗುತ್ತದೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಯಾಕೆಂದರೆ ಆ ಇಂಜಿನ್‌ನಲ್ಲಿ ಮೋವರ್ ಕಂಪನಿಯೇ ತಯಾರಿಸಿದ ಭಾಗಗಳು ಕಡಿಮೆ. ಬೇರಿಂಗ್, ಆಯಿಲ್ ಸೀಲ್, ಸ್ಪಾರ್ಕ್ ಪ್ಲಗ್, ಕಂಡೆನ್ಸರ್, ಸರ್ಕ್ಲಿಪ್ (ಪಿಸ್ಟನ್ನಿನ ಪಿನ್ ಜಾರದಂತೆ ಹಿಡಿಯುವ ಕ್ಲಿಪ್), ಪೆಟ್ರೋಲ್ ಪೈಪ್, ಸ್ಟಾರ್ಟರ್ ಹಗ್ಗ ಇವೆಲ್ಲ ಬೇರೆ ಯಂತ್ರಗಳಲ್ಲೂ ಇರುವ ಸಾಮಾನ್ಯ ಅಳತೆಯವು. ಹೆಸರಿನಿಂದ ಹುಡುಕಿದರೆ ಸಿಗದ ಭಾಗ ಅಳತೆಯಿಂದ ಹುಡುಕಿದರೆ ಸಿಗುತ್ತದೆ.

ನಿಜವಾಗಿಯೂ ಸಿಗದವು ಕೆಲವೇ: ಸಿಲಿಂಡರ್, ಪಿಸ್ಟನ್, ಕ್ರ್ಯಾಂಕ್ ಶಾಫ್ಟ್, ಫ್ಲೈವೀಲ್, ಕಾರ್ಬೊರೇಟರ್‌ನ ಬಾಡಿ, ಇಗ್ನಿಷನ್ ಕಾಯಿಲ್. ಹಾಗಾಗಿ ಈ ರಿಪೇರಿಯಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯಬೇಕು. ಸಿಗುವ ಭಾಗಗಳನ್ನು ಅಳೆದು ಬದಲಿಸಬೇಕು. ಸಿಗದ ಭಾಗಗಳನ್ನು ಬಿಚ್ಚುವಾಗ ಮುರಿಯದಂತೆ ಕಾಪಾಡಬೇಕು. ಎರಡನೆಯದೇ ಕಷ್ಟ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ವರ್ನಿಯರ್ ಕ್ಯಾಲಿಪರ್, ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ಪಟ್ಟಿಗಳು), ಮಲ್ಟಿಮೀಟರ್, ಒಳ್ಳೆಯ ಸ್ಪಾನರ್ ಸೆಟ್, ಫ್ಲೈವೀಲ್ ಪುಲ್ಲರ್ ಇದ್ದರೆ ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಜೊತೆಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಅಳೆದದ್ದನ್ನೆಲ್ಲ ಅದರಲ್ಲಿ ಬರೆಯಿರಿ. ಮುಂದಿನ ಸಲ ಅದೇ ನಿಮ್ಮ ಪಾರ್ಟ್ಸ್ ಪಟ್ಟಿ.

ಮೊದಲು ಸುರಕ್ಷತೆ

ಬ್ಲೇಡ್ ಹತ್ತಿರ ಕೈ ಹಾಕುವ ಮೊದಲು ಪ್ಲಗ್‌ನ ವಯರ್ ಕಿತ್ತು ದೂರ ಸರಿಸಿ. ಬ್ಲೇಡನ್ನು ಕೈಯಿಂದ ತಿರುಗಿಸಿದರೂ ಇಂಜಿನ್ ತಿರುಗುತ್ತದೆ, ಬಿಸಿ ಇಂಜಿನ್ ಆದರೆ ಹತ್ತಿಕೊಳ್ಳಲೂಬಹುದು. ಪೆಟ್ರೋಲ್ ಇಳಿಸುವುದು, ಕಾರ್ಬೊರೇಟರ್ ತೊಳೆಯುವುದು ಹೊರಗಡೆ, ಗಾಳಿ ಆಡುವ ಕಡೆ ಇರಲಿ. ಯಂತ್ರ ಓರೆ ಮಾಡುವಾಗ ಕಾರ್ಬೊರೇಟರ್ ಮೇಲ್ಭಾಗಕ್ಕೆ ಬರುವಂತೆ ಮಾಡಿ. ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ: ತುಂಬಾ ಹಳೆಯ ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು ಇರಬಹುದು. ಅವುಗಳನ್ನು ಒಣಗಿದಂತೆಯೇ ಉಜ್ಜಬೇಡಿ, ವಯರ್ ಬ್ರಷ್ ಹಾಕಬೇಡಿ. ಎಣ್ಣೆಯಲ್ಲೋ ನೀರಲ್ಲೋ ನೆನೆಸಿ, ಪುಡಿ ಏಳದಂತೆ ಕೆರೆದು ತೆಗೆಯಿರಿ.

ಬಿಚ್ಚುವ ಮೊದಲು ರೋಗ ಪತ್ತೆ ಮಾಡಿ

ಟೂ ಸ್ಟ್ರೋಕ್ ಇಂಜಿನ್ ಓಡಲು ಕಿಡಿ, ಪೆಟ್ರೋಲ್, ಕಂಪ್ರೆಷನ್ ಮೂರೂ ಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾಲ್ಕನೆಯದೊಂದು ಇದೆ, ಅದನ್ನೇ ಮರೆಯುತ್ತಾರೆ: ಗಾಳಿ ಸೋರದ ಕ್ರ್ಯಾಂಕ್ ಕೇಸ್.

ಪಿಸ್ಟನ್ ಮೇಲೆ ಹೋಗುವಾಗ ಅದರ ಕೆಳಗಿನ ಕ್ರ್ಯಾಂಕ್ ಕೇಸ್ ಪೆಟ್ರೋಲ್-ಗಾಳಿ ಮಿಶ್ರಣವನ್ನು ಒಳಗೆಳೆದುಕೊಳ್ಳುತ್ತದೆ. ಪಿಸ್ಟನ್ ಕೆಳಗೆ ಬರುವಾಗ ಅದನ್ನೇ ಒತ್ತಿ ಟ್ರಾನ್ಸ್‌ಫರ್ ಪೋರ್ಟ್ (ಸಿಲಿಂಡರ್ ಗೋಡೆಯ ಕಿಂಡಿ) ಮೂಲಕ ಮೇಲಕ್ಕೆ ಕಳಿಸುತ್ತದೆ. ಅಂದರೆ ಕ್ರ್ಯಾಂಕ್ ಕೇಸ್ ಇಲ್ಲಿ ಒಂದು ಪಂಪ್. ಫೋರ್ ಸ್ಟ್ರೋಕ್ ಇಂಜಿನ್‌ನಲ್ಲಿ ಆಯಿಲ್ ಸೀಲ್ ಹೋದರೆ ಎಣ್ಣೆ ತೊಟ್ಟಿಕ್ಕುತ್ತದೆ ಅಷ್ಟೆ. ಇಲ್ಲಿ ಸೀಲ್ ಹೋದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ, ಅದರ ಜೊತೆ ಬರುವ ಎಣ್ಣೆಯೂ ಕಡಿಮೆಯಾಗುತ್ತದೆ. ಇಂಜಿನ್ ವಿಪರೀತ ಬಿಸಿಯಾಗಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಆಮೇಲೆ ಸಿಗದ ಭಾಗವೇ ಹಾಳಾಗುತ್ತದೆ.

ಪರೀಕ್ಷೆಯನ್ನು ಈ ಕ್ರಮದಲ್ಲಿ ಮಾಡಿ. ಹಳೆಯ ಪೆಟ್ರೋಲ್ ಪೂರ್ತಿ ಇಳಿಸಿ ಹೊಸ ಮಿಶ್ರಣ ಹಾಕಿ. ಕೆಲವು ತಿಂಗಳು ನಿಂತ ಪೆಟ್ರೋಲ್‌ನಿಂದ ಎಷ್ಟೋ ಯಂತ್ರಗಳು ಸುಮ್ನೆ ಕೆಟ್ಟ ಹೆಸರು ಪಡೆಯುತ್ತವೆ. ಹತ್ತಾರು ಸಲ ಹಗ್ಗ ಎಳೆದು ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ತೋಯ್ದಿದ್ದರೆ ಕಿಡಿಯ ಕಡೆ ನೋಡಬೇಕು.

ಕಿಡಿ ನೋಡಲು ವಯರ್‌ಗೆ ಬೇರೆ ಒಳ್ಳೆಯ ಪ್ಲಗ್ ಸಿಕ್ಕಿಸಿ, ಅದರ ಮೈಯನ್ನು ಇಂಜಿನ್‌ನ ಲೋಹಕ್ಕೆ ತಾಗಿಸಿ, ಪ್ಲಗ್ ತೂತಿನಿಂದ ದೂರ ಇಟ್ಟು ಹಗ್ಗ ಎಳೆಯಿರಿ. ತೂತಿನಿಂದ ಪೆಟ್ರೋಲ್ ಆವಿ ಬರುತ್ತದೆ, ಹತ್ತಿರ ಕಿಡಿ ಬಿದ್ದರೆ ಬೆಂಕಿ. ಹಗಲಲ್ಲೂ ಕಾಣುವ ನೀಲಿ ಕಿಡಿ ಬೇಕು. ತೆಳ್ಳನೆಯ ಹಳದಿ ಕಿಡಿ ಹೊರಗೆ ಕಂಡರೂ ಕಂಪ್ರೆಷನ್ ಒಳಗೆ ನಿಲ್ಲುವುದಿಲ್ಲ.

ಕಂಪ್ರೆಷನ್ ಗೇಜ್ ಇದ್ದರೆ ಥ್ರಾಟಲ್ ಪೂರ್ತಿ ತೆರೆದು ಐದಾರು ಸಲ ಜೋರಾಗಿ ಎಳೆಯಿರಿ. 90 ಪಿಎಸ್‌ಐ ಅಥವಾ ಅದಕ್ಕಿಂತ ಮೇಲೆ ಬಂದರೆ ನಿಶ್ಚಿಂತೆ. 60ಕ್ಕಿಂತ ಕೆಳಗೆ ಇದ್ದರೆ ಸ್ಟಾರ್ಟ್ ಆಗಲು ಒದ್ದಾಡುತ್ತದೆ. ಕಡಿಮೆ ಇದ್ದಾಗ ಪ್ಲಗ್ ತೂತಿಗೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆಯಿರಿ. ಅಂಕಿ ಚೆನ್ನಾಗಿ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ.

ಲಕ್ಷಣಗಳೂ ಬಹಳ ಹೇಳುತ್ತವೆ. ತಣ್ಣಗಿದ್ದಾಗ ಓಡಿ, ಬಿಸಿಯಾದ ಮೇಲೆ ನಿಂತು, ಮತ್ತೆ ತಣ್ಣಗಾದರೆ ಹತ್ತುವುದು ಕಾಯಿಲ್ ಅಥವಾ ಕಂಡೆನ್ಸರ್ ದೋಷ. ಚೋಕ್ ಹಾಕಿದ್ದರೆ ಮಾತ್ರ ಓಡುವುದು ಜೆಟ್ ಕಟ್ಟಿರುವ ಅಥವಾ ಗಾಳಿ ಸೋರುವ ಲಕ್ಷಣ. ತಾನಾಗಿಯೇ ವೇಗ ಏರಿಸಿಕೊಂಡು ಕಿರುಚಿದರೆ ಗಾಳಿ ಸೋರಿಕೆ, ತಕ್ಷಣ ನಿಲ್ಲಿಸಿ. ಹಗ್ಗ ಎಳೆದಾಗ ಕೈಯನ್ನೇ ಹಿಂದಕ್ಕೆ ಜಗ್ಗಿದರೆ ಫ್ಲೈವೀಲ್ ಕೀ ಕತ್ತರಿಸಿದೆ. ಹೊಗೆ ಜಾಸ್ತಿ, ಶಕ್ತಿ ಇಲ್ಲ ಅಂದರೆ ಎಗ್ಸಾಸ್ಟ್ ಕಟ್ಟಿದೆ.

ಮುರಿಯದೆ ಬಿಚ್ಚುವುದು

ತುಕ್ಕು ಹಿಡಿದ ಬೋಲ್ಟಿಗೆ ಬಲ ಹಾಕಬೇಡಿ, ಸಮಯ ಕೊಡಿ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ತಲೆಯ ಮೇಲೆ ಸಣ್ಣ ಸುತ್ತಿಗೆಯಿಂದ ನೇರವಾಗಿ ತಟ್ಟಿ. ಬಿಚ್ಚುವ ಮೊದಲು ಒಂದು ಚೂರು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಹೀಗೆ ಹಿಂದೆ ಮುಂದೆ ಆಡಿಸುತ್ತಾ ತೆಗೆದರೆ ಅಲ್ಯೂಮಿನಿಯಂನಲ್ಲಿರುವ ಮರೆ (ಬೋಲ್ಟ್ ತಿರುಗಿ ಕೂರುವ ಸುರುಳಿ ಗೆರೆ) ಉಳಿಯುತ್ತದೆ. ಅದಕ್ಕೂ ಬಗ್ಗದಿದ್ದರೆ ಬೋಲ್ಟ್ ಸುತ್ತಲಿನ ಅಲ್ಯೂಮಿನಿಯಂ ಬಿಸಿ ಮಾಡಿ. ಉಕ್ಕಿಗಿಂತ ಅಲ್ಯೂಮಿನಿಯಂ ಜಾಸ್ತಿ ಹಿಗ್ಗುವುದರಿಂದ ಹಿಡಿತ ಸಡಿಲವಾಗುತ್ತದೆ. ಟ್ಯಾಂಕ್, ಕಾರ್ಬೊರೇಟರ್ ತೆಗೆದಿಟ್ಟು, ಪೆಟ್ರೋಲ್ ಆವಿ ಪೂರ್ತಿ ಆರಿದ ಮೇಲೆ ಮಾತ್ರ ಇದನ್ನು ಮಾಡಿ. ಮರೆ ಕಿತ್ತೇ ಹೋದರೆ ಹೆಲಿಕಾಯಿಲ್ (ಹೊಸ ಮರೆಯಾಗುವ ಉಕ್ಕಿನ ಸುರುಳಿ) ಹಾಕಿಸಬಹುದು. ಹಳೆಯದಕ್ಕಿಂತ ಅದು ಗಟ್ಟಿಯಾಗಿಯೇ ಕೂರುತ್ತದೆ.

ಒಂದು ರಟ್ಟಿನ ಮೇಲೆ ಇಂಜಿನ್‌ನ ಆಕಾರ ಬರೆದು, ಪ್ರತಿ ಬೋಲ್ಟನ್ನು ಅದರ ಜಾಗದಲ್ಲೇ ಚುಚ್ಚಿಡಿ. ಪ್ರತಿ ಹಂತದಲ್ಲೂ ಫೋನಿನಲ್ಲಿ ಫೋಟೋ ತೆಗೆಯಿರಿ. ಇಂಜಿನ್ ವೇಗವನ್ನು ಮಿತಿಯಲ್ಲಿಡುವ ಗವರ್ನರ್‌ನ ಸ್ಪ್ರಿಂಗ್ ಯಾವ ತೂತಿನಲ್ಲಿತ್ತು ಅನ್ನುವುದನ್ನು ವಿಶೇಷವಾಗಿ ಗಮನಿಸಿ.

ಫ್ಲೈವೀಲ್ ನಟ್ ಬಿಚ್ಚಲು ಇಂಜಿನ್ ತಿರುಗದಂತೆ ಹಿಡಿಯಬೇಕು. ಫ್ಲೈವೀಲ್‌ನ ರೆಕ್ಕೆಗಳ ನಡುವೆ ಸ್ಕ್ರೂಡ್ರೈವರ್ ತುರುಕಬೇಡಿ. ರೆಕ್ಕೆ ಮುರಿದರೆ ತೂಕದ ಸಮತೋಲ ಹೋಗುತ್ತದೆ, ಬೇರೆ ಫ್ಲೈವೀಲ್ ಸಿಗುವುದಿಲ್ಲ. ಪ್ಲಗ್ ತೂತಿನಿಂದ ಮೆತ್ತನೆಯ ನೈಲಾನ್ ಹಗ್ಗ ತುಂಬಿ ಪಿಸ್ಟನ್ ತಡೆಯುವುದು ಒಳ್ಳೆಯ ದಾರಿ. ಆದರೆ ಟೂ ಸ್ಟ್ರೋಕ್‌ನಲ್ಲಿ ಸಿಲಿಂಡರ್ ಗೋಡೆಯಲ್ಲೇ ಪೋರ್ಟ್‌ಗಳಿವೆ. ಹಗ್ಗದ ತುದಿ ಅದರೊಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಪಿಸ್ಟನ್ ಪೋರ್ಟ್‌ಗಳನ್ನು ದಾಟಿ ಮೇಲೆ ಬಂದ ನಂತರವೇ ಹಗ್ಗ ಹಾಕಿ.

ನಟ್ ಸಡಿಲಿಸಿದ ಮೇಲೆ ಪುಲ್ಲರ್ ಬಳಸಿ. ಪುಲ್ಲರ್ ಸಿಗದಿದ್ದರೆ, ಫ್ಲೈವೀಲ್‌ನಲ್ಲಿ ಎರಡು ಮೂರು ತೂತು ಇದ್ದಲ್ಲಿ ಒಂದು ದಪ್ಪ ಕಬ್ಬಿಣದ ಪಟ್ಟಿಗೆ ಅದೇ ಅಂತರದಲ್ಲಿ ತೂತು ಕೊರೆದು, ನಡುವೆ ಒಂದು ಬೋಲ್ಟ್ ಇಟ್ಟು ನೀವೇ ಪುಲ್ಲರ್ ಮಾಡಿಕೊಳ್ಳಬಹುದು. ನಟ್ಟನ್ನು ಶಾಫ್ಟಿನ ತುದಿಗೆ ಸಮ ಬರುವಂತೆ ತಿರುಗಿಸಿ ಬಿಡಿ, ಮರೆ ಹಾಳಾಗುವುದಿಲ್ಲ. ಬರೀ ಶಾಫ್ಟಿನ ತುದಿಗೆ ಸುತ್ತಿಗೆ ಏಟು ಕೊಡಲೇಬೇಡಿ.

ಪಿಸ್ಟನ್ ಕಚ್ಚಿಕೊಂಡಿದ್ದರೆ ಪ್ಲಗ್ ತೂತು ಮತ್ತು ಎಗ್ಸಾಸ್ಟ್ ಪೋರ್ಟ್ ಎರಡರಿಂದಲೂ ಡೀಸೆಲ್ ಅಥವಾ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕೆಲವು ದಿನ ಬಿಡಿ. ದಿನಕ್ಕೊಮ್ಮೆ ಬ್ಲೇಡ್ ಕಡೆಯಿಂದ ಶಾಫ್ಟ್ ಮೆಲ್ಲಗೆ ಅಲುಗಿಸಿ ನೋಡಿ. ಒಂದು ಕೂದಲೆಳೆಯಷ್ಟು ಅಲುಗಿದರೂ ಸಾಕು, ಗೆದ್ದಂತೆಯೇ.

ಇಗ್ನಿಷನ್

ಮೊದಲು ಸ್ಟಾಪ್ ಸ್ವಿಚ್ಚಿನ ವಯರ್ ಬೇರ್ಪಡಿಸಿ ಕಿಡಿ ನೋಡಿ. ಆ ವಯರ್ ಎಲ್ಲಾದರೂ ಸಿಪ್ಪೆ ಹೋಗಿ ಮೈಗೆ ತಾಗುತ್ತಿದ್ದರೆ ಇಂಜಿನ್ ಸದಾ ಆಫ್ ಆಗಿದ್ದ ಹಾಗೆಯೇ. ಇದಕ್ಕೆ ಖರ್ಚಿಲ್ಲದ ರಿಪೇರಿ.

ಆಮೇಲೆ ಕೀ ನೋಡಿ. ಫ್ಲೈವೀಲನ್ನು ಶಾಫ್ಟಿಗೆ ಸರಿಯಾದ ಕೋನದಲ್ಲಿ ಕೂರಿಸುವ ಚಿಕ್ಕ ತುಂಡು ಅದು. ಬ್ಲೇಡ್ ಕಲ್ಲಿಗೋ ಬೇರಿಗೋ ಬಡಿದಾಗ ಇದು ಅರ್ಧ ಕತ್ತರಿಸಿ ಟೈಮಿಂಗ್ ತಪ್ಪುತ್ತದೆ. ಹಲವು ಯಂತ್ರಗಳಲ್ಲಿ ಕೀಯನ್ನು ಬೇಕೆಂದೇ ಮೆತ್ತನೆಯ ಲೋಹದಲ್ಲಿ ಮಾಡಿರುತ್ತಾರೆ, ಕ್ರ್ಯಾಂಕ್ ಉಳಿಯಲಿ ಅಂತ. ಹಳೆಯದು ಮೆತ್ತನೆಯದಾಗಿದ್ದರೆ ಅಲ್ಯೂಮಿನಿಯಂ ಅಥವಾ ಹಿತ್ತಾಳೆ ಪಟ್ಟಿಯಿಂದ ಅರದಲ್ಲಿ ಉಜ್ಜಿ ಅದೇ ಅಳತೆಗೆ ಮಾಡಿಕೊಳ್ಳಿ. ಅದರ ಜಾಗಕ್ಕೆ ಗಟ್ಟಿ ಉಕ್ಕು ಹಾಕಬೇಡಿ.

ಹಳೆಯ ಯಂತ್ರಗಳಲ್ಲಿ ಫ್ಲೈವೀಲ್ ಕೆಳಗೆ ಪಾಯಿಂಟ್ (ಕಿಡಿಗಾಗಿ ಕಾಯಿಲ್‌ನ ವಿದ್ಯುತ್ ಕಡಿಯುವ ಸ್ವಿಚ್) ಮತ್ತು ಕಂಡೆನ್ಸರ್ ಇರುತ್ತವೆ. ಬಹುತೇಕ ಬರೀ ಪಾಯಿಂಟ್‌ನ ಮುಖಕ್ಕೆ ಕಿಲುಬು ಹಿಡಿದಿರುತ್ತದೆ. ನುಣುಪಾದ ಎಮರಿ ಪೇಪರ್ ಎಳೆದು, ಆಮೇಲೆ ಸ್ಪಿರಿಟ್‌ನಲ್ಲಿ ಅದ್ದಿದ ದಪ್ಪ ಕಾಗದದ ತುಂಡನ್ನು ನಡುವೆ ಎಳೆಯಿರಿ. ಎಮರಿಯ ಪುಡಿ ಉಳಿದರೆ ಅದೇ ತಡೆಯಾಗುತ್ತದೆ. ಪಾಯಿಂಟ್ ಪೂರ್ತಿ ತೆರೆದಾಗ ಗ್ಯಾಪ್ ಸಾಮಾನ್ಯವಾಗಿ 0.4ರಿಂದ 0.5 ಮಿ.ಮೀ. ಗ್ಯಾಪ್ ಬದಲಾದರೆ ಟೈಮಿಂಗ್ ಕೂಡ ಬದಲಾಗುತ್ತದೆ. ಜಾಸ್ತಿ ಗ್ಯಾಪ್ ಇದ್ದರೆ ಕಿಡಿ ಬೇಗ ಬರುತ್ತದೆ. ಹಾಗಾಗಿ ಅಂದಾಜಿನಲ್ಲಿ ಬಿಡಬೇಡಿ.

ಕಂಡೆನ್ಸರ್ ಹೋಗಿದ್ದರೆ ಪಾಯಿಂಟ್‌ನಲ್ಲೇ ದೊಡ್ಡ ಕಿಡಿ ಹಾರುತ್ತದೆ, ಪ್ಲಗ್‌ನಲ್ಲಿ ಬಡಕಲು ಕಿಡಿ ಬರುತ್ತದೆ, ಪಾಯಿಂಟ್ ಮುಖ ಗುಳಿ ಬೀಳುತ್ತದೆ. ಮೂಲ ಕಂಡೆನ್ಸರ್ ಸಿಗದಿದ್ದರೆ ಚಿಂತೆ ಬೇಡ. ಇಂಥ ಇಗ್ನಿಷನ್‌ಗೆ ಸುಮಾರು 0.2 ಮೈಕ್ರೋಫ್ಯಾರಡ್ ಸಾಕು. ಪಾಯಿಂಟ್ ಇರುವ ಹಳೆಯ ಬೈಕ್ ಅಥವಾ ಸ್ಕೂಟರ್‌ನ ಕಂಡೆನ್ಸರ್ ಹೊಂದುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯ 0.22 ಮೈಕ್ರೋಫ್ಯಾರಡ್, 630 ವೋಲ್ಟ್‌ನ ಫಿಲ್ಮ್ ಕೆಪಾಸಿಟರ್ ಕೂಡ ಆಗುತ್ತದೆ. ಅದನ್ನು ಫ್ಲೈವೀಲ್ ಕೆಳಗೇ ಇಡಬೇಕೆಂದಿಲ್ಲ. ವಯರ್ ಹೊರಗೆಳೆದು ಬಿಸಿ ಬಡಿಯದ ಜಾಗದಲ್ಲಿ ಕಟ್ಟಿ. ಮುಂದೆ ಬದಲಿಸುವಾಗ ಫ್ಲೈವೀಲ್ ಬಿಚ್ಚುವ ಕೆಲಸವೂ ತಪ್ಪುತ್ತದೆ.

ಪಾಯಿಂಟೇ ಮುರಿದಿದ್ದರೆ ಅದರ ಬದಲು ಚಿಕ್ಕ ಟ್ರಾನ್ಸಿಸ್ಟರ್ ಇಗ್ನಿಷನ್ ಮಾಡ್ಯೂಲ್ ಹಾಕಬಹುದು. ಪಾಯಿಂಟ್ ಮತ್ತು ಕಂಡೆನ್ಸರ್ ಎರಡರ ಸಂಪರ್ಕವನ್ನೂ ತೆಗೆದು ಕಾಯಿಲ್‌ನ ಪ್ರೈಮರಿ ವಯರ್‌ಗೆ ಮಾಡ್ಯೂಲ್ ಸೇರಿಸುತ್ತಾರೆ, ಇನ್ನೊಂದು ತುದಿ ಇಂಜಿನ್ ಮೈಗೆ.

ಕಾಯಿಲ್ ಪರೀಕ್ಷೆಗೆ ಮಲ್ಟಿಮೀಟರ್ ಸಾಕು. ಪ್ರೈಮರಿ ಒಂದೆರಡು ಓಮ್ ಒಳಗೆ, ಪ್ಲಗ್ ವಯರ್ ಕಡೆ ಕೆಲವು ಸಾವಿರ ಓಮ್ ತೋರಿಸಬೇಕು. ಪ್ಲಗ್ ಕಡೆ ಏನೂ ತೋರಿಸದಿದ್ದರೆ ಕಾಯಿಲ್ ಸತ್ತಿದೆ ಅಂತ ನಿರ್ಧರಿಸಬೇಡಿ. ಪ್ಲಗ್ ಕ್ಯಾಪ್ ಬಿಚ್ಚಿ, ವಯರ್‌ನ ತುದಿ ಅರ್ಧ ಇಂಚು ಕತ್ತರಿಸಿ ಮತ್ತೆ ಅಳೆಯಿರಿ. ಎಷ್ಟೋ ಸಲ ಕೆಟ್ಟಿರುವುದು ಕ್ಯಾಪ್. ಕಾಯಿಲ್ ಫ್ಲೈವೀಲ್ ಹೊರಗಿದ್ದರೆ ಅದಕ್ಕೂ ಮ್ಯಾಗ್ನೆಟ್‌ಗೂ ನಡುವೆ ಸುಮಾರು 0.3 ಮಿ.ಮೀ. ಗ್ಯಾಪ್ ಬೇಕು. ವಿಸಿಟಿಂಗ್ ಕಾರ್ಡ್ ನಡುವೆ ಇಟ್ಟು ಬಿಗಿ ಮಾಡಿದರೆ ಸರಿಹೋಗುತ್ತದೆ.

ಪ್ಲಗ್ ಆರಿಸುವಾಗ ಮರೆಯ ದಪ್ಪ ಮತ್ತು ಉದ್ದ ಎರಡನ್ನೂ ಅಳೆಯಿರಿ. ಉದ್ದ ಜಾಸ್ತಿಯಾದರೆ ಪಿಸ್ಟನ್‌ಗೆ ಬಡಿಯುತ್ತದೆ. ಹೀಟ್ ನಂಬರ್ ವಿಷಯದಲ್ಲಿ ಎಚ್ಚರ: ಎನ್‌ಜಿಕೆ ಪ್ಲಗ್‌ನಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಣ್ಣನೆಯದು (ಬಿಸಿಯನ್ನು ಬೇಗ ಬಿಟ್ಟುಕೊಡುವಂಥದ್ದು), ಚಾಂಪಿಯನ್ ಮತ್ತು ಬಾಷ್‌ನಲ್ಲಿ ಇದು ಉಲ್ಟಾ.

ಪೆಟ್ರೋಲ್ ದಾರಿ

ಟ್ಯಾಂಕಿನಿಂದ ಶುರು ಮಾಡಿ. ಒಳಗೆ ತುಕ್ಕಿದ್ದರೆ ಒಂದು ಹಿಡಿ ಚಿಕ್ಕ ನಟ್‌ಗಳನ್ನು ಹಾಕಿ, ವಿನೆಗರ್ ತುಂಬಿ ಒಂದು ದಿನ ಬಿಟ್ಟು ಕುಲುಕಿ. ಅಡುಗೆ ಸೋಡಾ ಬೆರೆಸಿದ ನೀರಲ್ಲಿ ತೊಳೆದು ತಕ್ಷಣ ಒಣಗಿಸಿ. ಟ್ಯಾಂಕ್ ಪೂರ್ತಿ ತೂತಾಗಿದ್ದರೆ ಪೆಟ್ರೋಲ್‌ಗೆಂದೇ ಮಾಡಿದ ಬೇರೆ ಯಾವ ಟ್ಯಾಂಕ್ ಆದರೂ ಕಾರ್ಬೊರೇಟರ್‌ಗಿಂತ ಎತ್ತರದಲ್ಲಿ ಕೂರಿಸಿದರೆ ನಡೆಯುತ್ತದೆ. 1952ರಲ್ಲಿ ಸಿಡ್ನಿಯಲ್ಲಿ ಮರ್ವಿನ್ ವಿಕ್ಟರ್ ರಿಚರ್ಡ್‌ಸನ್ ತನ್ನ ಗ್ಯಾರೇಜಿನಲ್ಲಿ ಕಟ್ಟಿದ ಮೊದಲ ವಿಕ್ಟಾ ಮೋವರ್‌ಗೆ ಟ್ಯಾಂಕ್ ಆಗಿದ್ದದ್ದು ಪೀಚ್ ಹಣ್ಣಿನ ಖಾಲಿ ಡಬ್ಬ. ಟೂ ಸ್ಟ್ರೋಕ್ ಮೋವರ್‌ಗಳ ಹುಟ್ಟಿನಲ್ಲೇ ಇಂಥ ಹೊಂದಾಣಿಕೆ ಇದೆ, ಅದಕ್ಕೇ ಅವುಗಳ ಮೇಲೆ ನನಗೆ ಪ್ರೀತಿ.

ಕಾರ್ಬೊರೇಟರ್ ಬಿಚ್ಚಿ ಕ್ಲೀನರ್‌ನಲ್ಲಿ ನೆನೆಸಿ. ಜೆಟ್‌ನ ತೂತಿಗೆ ಉಕ್ಕಿನ ತಂತಿ, ಸೂಜಿ ಹಾಕಬೇಡಿ. ತೂತು ಸ್ವಲ್ಪ ಹಿಗ್ಗಿದರೂ ಮಿಶ್ರಣ ಶಾಶ್ವತವಾಗಿ ಕೆಡುತ್ತದೆ. ವಿದ್ಯುತ್ ವಯರ್‌ನ ಒಂದು ತಾಮ್ರದ ಎಳೆ ಅಥವಾ ಮೀನಿನ ಗಾಳದ ನೈಲಾನ್ ದಾರ ಸಾಕು. ಬೆಳಕಿಗೆ ಹಿಡಿದು ದುಂಡಗಿನ ತೂತು ಕಾಣುವವರೆಗೂ ಬಿಡಬೇಡಿ.

ಹಿತ್ತಾಳೆ ಫ್ಲೋಟ್ ಅಲ್ಲಾಡಿಸಿದಾಗ ಒಳಗೆ ದ್ರವದ ಸದ್ದು ಬಂದರೆ ಸೋರಿದೆ. ಬಿಸಿ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಬರುವ ಜಾಗ ಗುರುತಿಸಿ. ಒಳಗಿನ ಪೆಟ್ರೋಲ್ ಪೂರ್ತಿ ತೆಗೆದು, ಚೆನ್ನಾಗಿ ಆರಿದ ಮೇಲೆ ಮಾತ್ರ ಬೆಸುಗೆ ಹಾಕಿ. ಬೆಸುಗೆ ಕಡಿಮೆ ಇರಲಿ, ತೂಕ ಹೆಚ್ಚಿದರೆ ಪೆಟ್ರೋಲ್ ಮಟ್ಟ ಏರುತ್ತದೆ.

ಡಯಾಫ್ರಮ್ ಇರುವ ಕಾರ್ಬೊರೇಟರ್ ಆದರೆ ಅದೇ ಮೊದಲ ಶಂಕಿತ. ಕೈಯಲ್ಲಿ ಹಿಡಿದರೆ ಮೆತ್ತಗಿರಬೇಕು. ಕಾಗದದಂತೆ ಸರಸರ ಅಂದರೆ ಮುಗಿದಿದೆ. ಪೆಟ್ರೋಲ್ ತಡೆಯುವ, ಬಟ್ಟೆ ಸೇರಿದ ತೆಳು ನೈಟ್ರೈಲ್ ರಬ್ಬರ್ ಹಾಳೆಯಿಂದ ಹಳೆಯದನ್ನೇ ಮಾದರಿಯಾಗಿಟ್ಟು ಕತ್ತರಿಸಬಹುದು. ತೂತುಗಳನ್ನು ಕತ್ತರಿಯಿಂದ ಮಾಡಬೇಡಿ, ಚೂಪು ಮಾಡಿದ ಕೊಳವೆಯಿಂದ ಒತ್ತಿ ತೆಗೆಯಿರಿ. ಸೈಕಲ್ ಟ್ಯೂಬಿನ ರಬ್ಬರ್ ಬೇಡ, ಪೆಟ್ರೋಲ್‌ಗೆ ಊದಿಕೊಳ್ಳುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರ್ ಭಾಗಗಳನ್ನು ಇನ್ನೂ ಬೇಗ ಹಾಳು ಮಾಡುತ್ತದೆ. ಹಾಗಾಗಿ ಪೈಪ್, ಸೀಲ್ ಎಲ್ಲ ಅದನ್ನು ತಡೆಯುವ ಬಗೆಯದ್ದೇ ಇರಲಿ.

ರೀಡ್ ವಾಲ್ವ್ ಇರುವ ಇಂಜಿನ್‌ಗಳಲ್ಲಿ, ಅಮೆರಿಕದ ಲಾನ್-ಬಾಯ್ ಇದಕ್ಕೆ ಒಳ್ಳೆಯ ಉದಾಹರಣೆ, ಕಾರ್ಬೊರೇಟರ್ ಹಿಂದಿನ ತೆಳು ಎಲೆಗಳು ಮುಚ್ಚಿದಾಗ ಸಮವಾಗಿ ಕೂರುತ್ತವೆಯೇ ನೋಡಿ. ಕಾರ್ಬೊರೇಟರ್ ಬಾಯಿಂದ ಪೆಟ್ರೋಲ್ ಹಿಂದಕ್ಕೆ ಚಿಮ್ಮುತ್ತಿದ್ದರೆ ರೀಡ್ ಮುಚ್ಚುತ್ತಿಲ್ಲ.

ಎಗ್ಸಾಸ್ಟ್, ಪಿಸ್ಟನ್, ರಿಂಗ್

ಎಣ್ಣೆ ಉರಿದು ಎಗ್ಸಾಸ್ಟ್ ಪೋರ್ಟ್‌ನಲ್ಲಿ ಗಟ್ಟಿ ಮಸಿ ಕೂರುತ್ತದೆ. ಸೈಲೆನ್ಸರ್ ತೆಗೆದು, ಪಿಸ್ಟನ್ ಮೇಲಕ್ಕೆ ತಂದರೆ ಅದರ ಪಕ್ಕದ ಗೋಡೆ ಪೋರ್ಟ್ ಮುಚ್ಚುತ್ತದೆ, ಪುಡಿ ಒಳಗೆ ಬೀಳುವುದಿಲ್ಲ. ಮರದ ಕಡ್ಡಿ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನಿಂದ ಕೆರೆಯಿರಿ. ಉಕ್ಕಿನ ಸ್ಕ್ರೂಡ್ರೈವರ್ ಪಿಸ್ಟನ್ ಮೇಲೆ ಒಂದು ಗೀರು ಎಳೆದರೂ ಅದು ಹಾಗೇ ಉಳಿಯುತ್ತದೆ. ಕಬ್ಬಿಣದ ಸೈಲೆನ್ಸರನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸಿದರೆ ಮಸಿ ಕರಗುತ್ತದೆ. ಕೈಗವಸು, ಕನ್ನಡಕ ಹಾಕಿ. ಅಲ್ಯೂಮಿನಿಯಂ ಭಾಗ ಮಾತ್ರ ಅದರ ಹತ್ತಿರವೂ ಬೇಡ, ಕಾಸ್ಟಿಕ್ ಅದನ್ನು ತಿಂದುಹಾಕುತ್ತದೆ.

ಸಿಲಿಂಡರ್ ಒಳಗೆ ಮ್ಯಾಗ್ನೆಟ್ ಹಾಕಿ ನೋಡಿ. ಗಟ್ಟಿಯಾಗಿ ಅಂಟಿದರೆ ಕಬ್ಬಿಣದ ಲೈನರ್, ನುಣುಪು ಕಲ್ಲಿನಿಂದ ಹಗುರಾಗಿ ಹೋನ್ ಮಾಡಬಹುದು. ಅಂಟದಿದ್ದರೆ ಅದು ಸಾಮಾನ್ಯವಾಗಿ ಅಲ್ಯೂಮಿನಿಯಂ ಮೇಲೆ ಕ್ರೋಮ್‌ನಂಥ ಲೇಪನ ಇರುವ ಬೋರ್ (ಸಿಲಿಂಡರ್‌ನ ಒಳಗಿನ ದುಂಡು ರಂಧ್ರ), ಅದನ್ನು ಉಜ್ಜಬೇಡಿ.

ರಿಂಗನ್ನು ಬರೀ ಬೋರ್‌ನಲ್ಲಿಟ್ಟು, ಪಿಸ್ಟನ್ನಿನಿಂದ ತಳ್ಳಿ ಸಮ ಮಾಡಿ, ಎರಡು ತುದಿಗಳ ನಡುವಿನ ಗ್ಯಾಪ್ ಅಳೆಯಿರಿ. ಬೋರ್‌ನ ಪ್ರತಿ 25 ಮಿ.ಮೀ.ಗೆ 0.1 ಮಿ.ಮೀ. ಅನ್ನುವುದು ಹೊಸ ರಿಂಗಿನ ಲೆಕ್ಕ. ಅಂದರೆ 55 ಮಿ.ಮೀ. ಬೋರ್‌ಗೆ 0.2 ಮಿ.ಮೀ.ಗಿಂತ ತುಸು ಜಾಸ್ತಿ. 0.8 ದಾಟಿದ್ದರೆ ಬದಲಿಸುವ ಕಾಲ.

ಬದಲಿ ರಿಂಗ್ ಹುಡುಕಲು ಮೂರು ವಿಷಯ ಬೇಕು: ಬೋರ್‌ನ ವ್ಯಾಸ, ರಿಂಗಿನ ದಪ್ಪ, ಮತ್ತು ಪಿಸ್ಟನ್ನಿನಲ್ಲಿ ರಿಂಗ್ ಕೂರುವ ತೋಡಿನಲ್ಲಿರುವ ಚಿಕ್ಕ ಪಿನ್ ಎಲ್ಲಿದೆ ಅನ್ನುವುದು. ಬೈಕ್, ಸ್ಕೂಟರ್, ಚೈನ್ ಸಾ ರಿಂಗ್‌ಗಳಲ್ಲಿ ಹೊಂದುವುದು ಇರುತ್ತದೆ. ಗ್ಯಾಪ್ ಕಡಿಮೆ ಇದ್ದರೆ ತುದಿಯನ್ನು ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ. ಆ ಪಿನ್ ರಿಂಗ್ ತಿರುಗದಂತೆ ಹಿಡಿಯುತ್ತದೆ, ಇಲ್ಲದಿದ್ದರೆ ರಿಂಗಿನ ತುದಿ ಪೋರ್ಟ್‌ಗೆ ಸಿಕ್ಕಿ ಮುರಿಯುತ್ತದೆ. ಹಾಗಾಗಿ ರಿಂಗಿನ ತುದಿಯ ಆಕಾರ ಪಿನ್‌ಗೆ ಹೊಂದಲೇಬೇಕು. ಸರ್ಕ್ಲಿಪ್ ಮಾತ್ರ ಹಳೆಯದನ್ನು ಮತ್ತೆ ಹಾಕಬೇಡಿ. ಅಗ್ಗದ ಭಾಗ, ಆದರೆ ಕಳಚಿದರೆ ಸಿಲಿಂಡರ್ ಸೀಳುತ್ತದೆ.

ಗಾಳಿ ಸೋರಿಕೆಯ ಪರೀಕ್ಷೆ

ಇಡೀ ರಿಪೇರಿಯಲ್ಲಿ ನಾನು ಅತಿ ಮುಖ್ಯ ಅನ್ನುವ ಹಂತ ಇದೇ. ದಯವಿಟ್ಟು ಬಿಡಬೇಡಿ.

ಕಾರ್ಬೊರೇಟರ್ ಮತ್ತು ಸೈಲೆನ್ಸರ್ ತೆಗೆಯಿರಿ. ಆ ಎರಡು ಬಾಯಿಗಳಿಗೆ ಟ್ಯೂಬಿನ ರಬ್ಬರ್ ತುಂಡು ಇಟ್ಟು, ಮೇಲೆ ಲೋಹದ ತಗಡು ಇಟ್ಟು ಬೋಲ್ಟಿನಿಂದ ಬಿಗಿ ಮಾಡಿ. ಇಲ್ಲಿ ಸೈಕಲ್ ಟ್ಯೂಬ್ ನಡೆಯುತ್ತದೆ, ಪೆಟ್ರೋಲ್ ತಾಗುವುದಿಲ್ಲ. ಕಾರ್ಬೊರೇಟರ್ ಕಡೆಯ ತಗಡಿಗೆ ಒಂದು ಚಿಕ್ಕ ಕೊಳವೆ ಕೂರಿಸಿ. ಅದಕ್ಕೆ ಬಿಪಿ ನೋಡುವ ಹಳೆಯ ಯಂತ್ರದ ಬಲ್ಬ್ ಮತ್ತು ಮೀಟರ್ ಸೇರಿಸಿ. ಆ ಮೀಟರ್ 300ರವರೆಗೆ ತೋರಿಸುತ್ತದೆ, ಅದು ಸುಮಾರು 0.4 ಬಾರ್. ಈ ಪರೀಕ್ಷೆಗೆ ಅದರೊಳಗಿನ ಒತ್ತಡವೇ ಸಾಕು. ಪ್ಲಗ್ ಹಾಕಿ ಬಿಗಿ ಮಾಡಿ, ಪಿಸ್ಟನ್ ಕೆಳಗಿರಲಿ.

250ರ ತನಕ ಒತ್ತಿ ಅರ್ಧ ನಿಮಿಷ ನೋಡಿ. ಮುಳ್ಳು ನಿಂತಿದ್ದರೆ ಅಥವಾ ಬಹಳ ನಿಧಾನಕ್ಕೆ ಇಳಿದರೆ ಕ್ರ್ಯಾಂಕ್ ಕೇಸ್ ಚೆನ್ನಾಗಿದೆ. ಸರ್ರನೆ ಬಿದ್ದರೆ ಎಲ್ಲ ಜಾಯಿಂಟ್‌ಗಳಿಗೂ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದಲ್ಲಿ ಸೋರಿಕೆ. ಹೆಚ್ಚಾಗಿ ಅದು ಫ್ಲೈವೀಲ್ ಕೆಳಗಿನ ಸೀಲ್ ಅಥವಾ ಬ್ಲೇಡ್ ಕಡೆಯ ಸೀಲ್ ಆಗಿರುತ್ತದೆ.

ಸೀಲ್ ಮೇಲೆ ಮೂರು ಅಂಕಿ ಇರುತ್ತದೆ: ಒಳ ವ್ಯಾಸ, ಹೊರ ವ್ಯಾಸ, ದಪ್ಪ. ಅಳಿಸಿಹೋಗಿದ್ದರೆ ಶಾಫ್ಟ್ ಮತ್ತು ಕೂರುವ ಜಾಗವನ್ನು ಅಳೆಯಿರಿ. ಬೇರಿಂಗ್ ಅಂಗಡಿಯಲ್ಲಿ ಆ ಅಳತೆ ಹೇಳಿ. ಸಾಮಾನ್ಯ ನೈಟ್ರೈಲ್ ಸೀಲ್ ಸಾಕು, ವೈಟಾನ್ ಸಿಕ್ಕರೆ ಬಿಸಿಗೂ ಎಥೆನಾಲ್‌ಗೂ ಇನ್ನೂ ಒಳ್ಳೆಯದು. ಹಳೆಯ ಸೀಲ್ ತೆಗೆಯಲು ಅದರ ಲೋಹದ ಭಾಗದಲ್ಲಿ ಸಣ್ಣ ತೂತು ಕೊರೆದು, ಸ್ಕ್ರೂ ತಿರುಗಿಸಿ, ಇಕ್ಕಳದಿಂದ ಎಳೆಯಿರಿ. ಹಿಂದಿರುವ ಬೇರಿಂಗ್‌ಗೆ ಡ್ರಿಲ್ ತಾಗದಿರಲಿ. ಮುಖ ಯಾವ ಕಡೆ ಇತ್ತು ಅಂತ ನೋಡಿಕೊಂಡು ಹೊಸದನ್ನೂ ಹಾಗೇ ಕೂರಿಸಿ. ಒಳಗೆ ತಳ್ಳುವಾಗ ಶಾಫ್ಟಿನಲ್ಲಿ ಕೀ ಕೂರುವ ತೋಡಿನ ಮೇಲೆ ಟೇಪ್ ಸುತ್ತಿ, ಇಲ್ಲದಿದ್ದರೆ ಹೊಸ ಸೀಲಿನ ತುಟಿ ಅಲ್ಲೇ ಹರಿಯುತ್ತದೆ. ಶಾಫ್ಟ್ ಮೇಲೆ ಹಳೆಯ ಸೀಲ್ ಸವೆಸಿದ ಗೀರು ಇದ್ದರೆ ಹೊಸ ಸೀಲನ್ನು ಒಂದು ಮಿ.ಮೀ. ಆಚೀಚೆ ಕೂರಿಸಿ. ತುಟಿ ಹೊಸ ಜಾಗದಲ್ಲಿ ಓಡುತ್ತದೆ.

ಬೇರಿಂಗ್ ಗರಗರ ಅನ್ನದಿದ್ದರೆ ಕ್ರ್ಯಾಂಕ್ ಕೇಸ್ ಒಡೆಯಲು ಹೋಗಬೇಡಿ. ಅನ್ನುತ್ತಿದ್ದರೆ ಅದರ ಮೇಲಿನ ನಂಬರ್ ಓದಿ. ಉದಾಹರಣೆಗೆ 6203 ಅಂದರೆ 17×40×12 ಮಿ.ಮೀ., 6204 ಅಂದರೆ 20×47×14. ಈ ಅಳತೆ ಎಲ್ಲಿ ಹೋದರೂ ಒಂದೇ. ಸಿ3 ಕ್ಲಿಯರೆನ್ಸ್ (ಒಳಗೆ ಸ್ವಲ್ಪ ಹೆಚ್ಚು ಸಡಿಲ) ಇರುವುದನ್ನು ಕೇಳಿ. ಮಿಶ್ರಣದ ಎಣ್ಣೆ ಒಳಗೆ ಹೋಗಬೇಕಾದ ಜಾಗದಲ್ಲಿ ಮುಚ್ಚಳವಿಲ್ಲದ ಬೇರಿಂಗ್ ಬೇಕು. ಕೇಸನ್ನು ಸುಮಾರು 100 ಡಿಗ್ರಿಗೆ ಬಿಸಿ ಮಾಡಿ. ಹೊಸ ಬೇರಿಂಗನ್ನು ಮೊದಲೇ ಫ್ರೀಜರ್‌ನಲ್ಲಿಟ್ಟಿರಿ. ಸುತ್ತಿಗೆ ಇಲ್ಲದೆಯೇ ಇಳಿದು ಕೂರುತ್ತದೆ.

ಗ್ಯಾಸ್ಕೆಟ್ ಕತ್ತರಿಸುವುದು

ಪೆಟ್ರೋಲ್, ಎಣ್ಣೆ ತಡೆಯುವ ಗ್ಯಾಸ್ಕೆಟ್ ಹಾಳೆಯನ್ನು ಜಾಯಿಂಟ್ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ಅಂಚಿನ ಗುರುತು ಮೂಡಿಸಿ, ಆ ಗುರುತಿನ ಮೇಲೆ ಕತ್ತರಿಸಿ. ಮೊದಲು ಬೋಲ್ಟ್ ತೂತು, ಆಮೇಲೆ ಒಳಗಿನ ಕಿಂಡಿ, ಕೊನೆಗೆ ಹೊರ ಅಂಚು. ಸಿಲಿಂಡರ್ ಕೆಳಗಿನ ಗ್ಯಾಸ್ಕೆಟ್‌ನ ದಪ್ಪ ಹಳೆಯದರಷ್ಟೇ ಇರಬೇಕು. ಅದು ಬದಲಾದರೆ ಪೋರ್ಟ್ ತೆರೆಯುವ ಹೊತ್ತೂ ಕಂಪ್ರೆಷನ್ನೂ ಬದಲಾಗುತ್ತದೆ. ಜೋಡಿಸಿದ ಮೇಲೆ ಪ್ಲಗ್ ತೂತಿನಿಂದ ಮೆತ್ತನೆಯ ಬೆಸುಗೆ ತಂತಿ ಒಳಗೆ ಹಾಕಿ ಇಂಜಿನ್ ಒಂದು ಸುತ್ತು ತಿರುಗಿಸಿ. ಚಪ್ಪಟೆಯಾದ ತುದಿ 1 ಮಿ.ಮೀ. ಸುತ್ತಮುತ್ತ ಉಳಿದಿದ್ದರೆ ಪಿಸ್ಟನ್ ಹೆಡ್ಡಿಗೆ ಬಡಿಯುವ ಭಯವಿಲ್ಲ.

ತಾಮ್ರದ ಹೆಡ್ ಗ್ಯಾಸ್ಕೆಟ್ ಇದ್ದರೆ ಎಸೆಯಬೇಡಿ. ಮಂದ ಕೆಂಪಾಗುವ ತನಕ ಬಿಸಿ ಮಾಡಿ ನೀರಿಗೆ ಹಾಕಿ. ತಾಮ್ರ ಮತ್ತೆ ಮೆತ್ತಗಾಗುತ್ತದೆ. ಸಾಮಾನ್ಯ ಸಿಲಿಕೋನ್ ಪೇಸ್ಟ್ ಪೆಟ್ರೋಲ್ ತಾಗುವ ಕಡೆ ಬೇಡ.

ಸ್ಟಾರ್ಟರ್ ಮತ್ತು ಬ್ಲೇಡ್

ಸ್ಟಾರ್ಟರ್ ಸ್ಪ್ರಿಂಗ್ ಹೆಚ್ಚಾಗಿ ತುದಿಯ ಕೊಕ್ಕೆಯಲ್ಲಿ ಮುರಿಯುತ್ತದೆ. ಕನ್ನಡಕ, ದಪ್ಪ ಕೈಗವಸು ಹಾಕಿ ಹೊರತೆಗೆಯಿರಿ, ಅದು ಜೋರಾಗಿ ಬಿಚ್ಚಿಕೊಳ್ಳುತ್ತದೆ. ಕೊನೆಯ ಎರಡು ಸೆಂ.ಮೀ. ಮಾತ್ರ ಕೆಂಪಗೆ ಕಾಯಿಸಿ ನಿಧಾನಕ್ಕೆ ಆರಲು ಬಿಟ್ಟು, ಹೊಸ ಕೊಕ್ಕೆ ಬಗ್ಗಿಸಿ. ಸ್ಪ್ರಿಂಗ್ ಸ್ವಲ್ಪ ಗಿಡ್ಡವಾದರೂ ಕೆಲಸ ಮಾಡುತ್ತದೆ.

ಬ್ಲೇಡ್ ಮತ್ತು ಅದರ ಬೋಲ್ಟಿನ ವಿಷಯದಲ್ಲಿ ಮಾತ್ರ ಹೊಂದಾಣಿಕೆ ಬೇಡವೇ ಬೇಡ. ಬಿರುಕು ಬಿಟ್ಟ ಬ್ಲೇಡಿಗೆ ವೆಲ್ಡಿಂಗ್ ಮಾಡಿಸಬೇಡಿ. ಬೋಲ್ಟ್ ಸರಿಯಾದ ಗ್ರೇಡಿನದ್ದೇ ಇರಲಿ. ಎರಡು ಬದಿಯ ತೂಕ ಸಮವಿರಬೇಕು. ಸ್ವಿಂಗ್ ಬ್ಲೇಡ್ ಆದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಗವರ್ನರ್ ಕಳಚಿ ವೇಗ ಹೆಚ್ಚಿಸುವುದೂ ಇದೇ ಸಾಲಿಗೆ ಸೇರುತ್ತದೆ. ಅಷ್ಟು ವೇಗದಲ್ಲಿ ಕಳಚಿದ ಬ್ಲೇಡ್ ಎದುರಿಗಿರುವವರ ಕಾಲು ಕತ್ತರಿಸಬಲ್ಲದು.

ಮಿಶ್ರಣ ಮತ್ತು ಮೊದಲ ಓಟ

ಟ್ಯಾಂಕಿನ ಮೇಲೆ ಬರೆದಿರುವ ಅನುಪಾತ ನೋಡಿ. 25:1 ಅಂದರೆ ಒಂದು ಲೀಟರ್ ಪೆಟ್ರೋಲ್‌ಗೆ 40 ಮಿ.ಲೀ. ಎಣ್ಣೆ, 32:1 ಅಂದರೆ ಸುಮಾರು 31, 50:1 ಅಂದರೆ 20. ಬರಹ ಅಳಿಸಿದ್ದರೆ ಹಳೆಯ ಮೋವರ್‌ಗೆ ನಾನು 25:1 ಹಾಕುತ್ತೇನೆ. ಸ್ವಲ್ಪ ಹೊಗೆ ಜಾಸ್ತಿ ಬಂದರೆ ಬರಲಿ, ಬೇರಿಂಗ್ ಉಳಿಯುತ್ತದೆ. ಗಾಳಿಯಿಂದ ತಣಿಯುವ ಇಂಜಿನ್‌ಗೆಂದು ಬರೆದಿರುವ 2ಟಿ ಆಯಿಲ್ ತೆಗೆದುಕೊಳ್ಳಿ.

ಜೋಡಿಸುವಾಗ ಪಿಸ್ಟನ್, ಬೇರಿಂಗ್, ಸೀಲಿನ ತುಟಿ ಎಲ್ಲಕ್ಕೂ ಅದೇ ಎಣ್ಣೆ ಸವರಿ. ಪಿಸ್ಟನ್ ಮೇಲಿನ ಬಾಣ ಸಾಮಾನ್ಯವಾಗಿ ಎಗ್ಸಾಸ್ಟ್ ಕಡೆ ಇರುತ್ತದೆ. ಬಿಚ್ಚುವಾಗ ತೆಗೆದ ಫೋಟೋ ನೋಡಿ ಖಚಿತ ಮಾಡಿಕೊಳ್ಳಿ. ಹೆಡ್ ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಮೊದಲ ಸಲ ಸ್ಟಾರ್ಟ್ ಆದಾಗ ಹುಲ್ಲಿಗೆ ಹೋಗಬೇಡಿ. ಐದು ನಿಮಿಷ ಹಗುರಾಗಿ ಓಡಿಸಿ, ನಿಲ್ಲಿಸಿ, ಪೂರ್ತಿ ಆರಲು ಬಿಡಿ. ಇದನ್ನು ಕೆಲವು ಸಲ ಮಾಡಿ, ನಡುವೆ ಬೋಲ್ಟ್‌ಗಳ ಬಿಗಿ ನೋಡಿ. ಆಮೇಲೆ ಸ್ವಲ್ಪ ಹುಲ್ಲು ಕತ್ತರಿಸಿ ಪ್ಲಗ್ ಬಿಚ್ಚಿ ನೋಡಿ. ಕಂದು ಬಣ್ಣ ಇದ್ದರೆ ಮಿಶ್ರಣ ಸರಿ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿ. ಬೆಳ್ಳಗೆ ಸುಟ್ಟಂತಿದ್ದರೆ ಓಡಿಸಬೇಡಿ. ಜೆಟ್ ಅಥವಾ ಗಾಳಿ ಸೋರಿಕೆಯನ್ನು ಮತ್ತೆ ನೋಡಿ.

ಬಹಳ ದಿನ ಬಳಸುವುದಿಲ್ಲ ಅಂತಾದರೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರ್‌ನಲ್ಲಿ ಉಳಿದದ್ದು ಮುಗಿದು ತಾನಾಗಿ ನಿಲ್ಲುವ ತನಕ ಓಡಿಸಿ. ಪ್ಲಗ್ ತೂತಿಗೆ ಒಂದು ಚಮಚ 2ಟಿ ಆಯಿಲ್ ಹಾಕಿ, ಹಗ್ಗ ಒಂದೆರಡು ಸಲ ಮೆಲ್ಲಗೆ ಎಳೆಯಿರಿ. ಪ್ಲಗ್ ಹಾಕಿ, ಕಂಪ್ರೆಷನ್ ತಡೆ ಕೈಗೆ ಸಿಗುವ ಜಾಗದಲ್ಲಿ ನಿಲ್ಲಿಸಿ. ಅಲ್ಲಿ ಪಿಸ್ಟನ್ ಎಗ್ಸಾಸ್ಟ್ ಪೋರ್ಟನ್ನು ಮುಚ್ಚಿರುತ್ತದೆ, ಬೋರ್‌ಗೆ ತೇವದ ಗಾಳಿ ತಾಗುವುದಿಲ್ಲ.